ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕುವವರೇ, ಮೊದಲು ಮಾಹಿತಿ ಪತ್ರ ಬರೆಯಿರಿ

ಬೆಂಗಳೂರಿನಲ್ಲಿ ನರ್ಸಿಂಗ್, ಸೈಕಾಲಜಿ, ಎಂಎಸ್‌ಡಬ್ಲ್ಯೂ, ಪಬ್ಲಿಕ್ ಹೆಲ್ತ್ ಓದುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಗೈಡ್ ಹೇಳಿಯೇ ಹೇಳುತ್ತಾರೆ: "ಎಥಿಕ್ಸ್ ಕ್ಲಿಯರೆನ್ಸ್ ತಗೊಂಡು ಬನ್ನಿ." ಅಂದರೆ, ಜನರನ್ನು ಸೇರಿಸಿಕೊಂಡು ಮಾಡುವ ಅಧ್ಯಯನದಿಂದ ಅವರಿಗೆ ಹಾನಿ, ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿಯ ಅನುಮತಿ. ಅಲ್ಲಿಂದ ಓಡಾಟ ಶುರು. ಸೀನಿಯರ್ ಹತ್ತಿರ ಹಳೇ ಫೈಲ್ ಕೇಳುವುದು, ಅದರಲ್ಲಿ ಹೆಸರು, ತಲೆಬರಹ ಬದಲಿಸುವುದು, ಸಮ್ಮತಿ ಪತ್ರವನ್ನು ಕೊನೆಯ ರಾತ್ರಿ ಗೂಗಲ್‌ಗೆ ಹಾಕಿ ಕನ್ನಡ ಮಾಡಿಸುವುದು. ನಾನು ಇಂಥ ಒಂದು ಸಮಿತಿಯಲ್ಲಿ ಸಾಮಾನ್ಯ ಜನರ ಪರವಾಗಿ ಕೂರುವ ಸದಸ್ಯ. ಡಾಕ್ಟರೂ ಅಲ್ಲ, ಪ್ರೊಫೆಸರೂ ಅಲ್ಲ. ಮೀಟಿಂಗಿಗೆ ಮುಂಚೆ ಬರುವ ಕಟ್ಟಿನಲ್ಲಿ ನಾನು ಮೊದಲು ತೆಗೆಯುವುದು ಕನ್ನಡದ ಮಾಹಿತಿ ಪತ್ರವನ್ನು, ಅಂದರೆ ಅಧ್ಯಯನಕ್ಕೆ ಸೇರುವವರಿಗೆ ಅದರ ಬಗ್ಗೆ ತಿಳಿಸುವ ಹಾಳೆಯನ್ನು. ಅದು ಚೆನ್ನಾಗಿದ್ದರೆ ಉಳಿದದ್ದೂ ಬಹುಪಾಲು ಚೆನ್ನಾಗಿರುತ್ತದೆ. ಅದು ಕಾಟಾಚಾರಕ್ಕೆ ಬರೆದದ್ದಾದರೆ, ಆ ಅಧ್ಯಯನದಲ್ಲಿ ಎದುರು ಕೂರುವ ಮನುಷ್ಯರ ಬಗ್ಗೆ ಯಾರೂ ಯೋಚಿಸಿಲ್ಲ ಎಂದು ಗೊತ್ತಾಗಿಬಿಡುತ್ತದೆ.

ಅದಕ್ಕೇ ಈ ಬರಹದಲ್ಲಿ ಕ್ರಮವನ್ನು ಸ್ವಲ್ಪ ತಿರುವಿ ಹಾಕಿದ್ದೇನೆ. ಅನುಕೂಲಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳು ಕೆಲಸದ ಹೊತ್ತಿನಲ್ಲಿ ಎಷ್ಟು ನೀರು ಕುಡಿಯುತ್ತಾರೆ, ಟಾಯ್ಲೆಟ್‌ಗೆ ಹೋಗಲು ಬಿಡುತ್ತಾರಾ, ಉರಿಮೂತ್ರದ ತೊಂದರೆ ಎಷ್ಟು ಜನಕ್ಕಿದೆ ಎಂದು ನೀವು ತಿಳಿಯಬೇಕು ಅಂದುಕೊಳ್ಳಿ. ಸೂಜಿ ಇಲ್ಲ, ಔಷಧಿ ಇಲ್ಲ. ಬರೀ ಮಾತು. ಆದರೂ ಇದರಲ್ಲಿ ಎಷ್ಟು ವಿಷಯ ಅಡಗಿದೆ ನೋಡಿ.

ಅನುಮತಿ ಬೇಕಾ ಬೇಡವಾ?

"ಬರೀ ಪ್ರಶ್ನೆ ಕೇಳುತ್ತೇವೆ, ಇದಕ್ಕೂ ಅನುಮತಿ ಬೇಕಾ?" ಎಂದು ಎಲ್ಲರೂ ಕೇಳುತ್ತಾರೆ. ಜೀವಂತ ಮನುಷ್ಯರಿಂದ, ಅವರ ಆರೋಗ್ಯ ಅಥವಾ ಬದುಕಿನ ಬಗ್ಗೆ ಮಾಹಿತಿ ತೆಗೆದುಕೊಳ್ಳುತ್ತಿದ್ದರೆ ಬೇಕು ಎಂದೇ ಇಟ್ಟುಕೊಳ್ಳಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸಮಾಜವಿಜ್ಞಾನದ ಆರೋಗ್ಯ ಸಂಶೋಧನೆಗೇ ಬೇರೆ ಅಧ್ಯಾಯ ಇದೆ. ಅಂದ ಹಾಗೆ ಐಸಿಎಂಆರ್‌ನ ಬಯೋಎಥಿಕ್ಸ್ ಘಟಕ ಇರುವುದು ನಮ್ಮ ಬೆಂಗಳೂರಿನಲ್ಲೇ, ರೋಗ ಮಾಹಿತಿ ಸಂಶೋಧನಾ ಕೇಂದ್ರದಲ್ಲಿ. ಮಾರ್ಗಸೂಚಿ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪೂರ್ತಿ ಓದಲು ಆಗದಿದ್ದರೆ ಸಮ್ಮತಿಯ ಅಧ್ಯಾಯ ಮತ್ತು ದುರ್ಬಲ ಸ್ಥಿತಿಯಲ್ಲಿರುವವರ ಅಧ್ಯಾಯ, ಇವೆರಡನ್ನಾದರೂ ಓದಿ.

ವಿನಾಯಿತಿ ಇಲ್ಲ ಅಂತಲ್ಲ. ಈಗಾಗಲೇ ಎಲ್ಲರಿಗೂ ಸಿಗುವ ಅಂಕಿ ಅಂಶ, ಬೇರೆಯವರ ಪ್ರಬಂಧಗಳನ್ನು ಒಟ್ಟು ಹಾಕಿ ಮಾಡುವ ವಿಮರ್ಶೆ, ಆಸ್ಪತ್ರೆಯೊಳಗಿನ ಗುಣಮಟ್ಟದ ಆಡಿಟ್, ಇಂಥವಕ್ಕೆ ಪೂರ್ತಿ ಪರಿಶೀಲನೆ ಬೇಡ. ಆದರೆ ನಿಮ್ಮ ಅಧ್ಯಯನಕ್ಕೆ ವಿನಾಯಿತಿ ಇದೆ ಎಂದು ಹೇಳಬೇಕಾದ್ದು ನೀವಲ್ಲ, ಸಮಿತಿ. ನೀವು ಕೇಳಬೇಕು, ಅವರು ಬರೆದುಕೊಡಬೇಕು.

ಇನ್ನೊಂದು ಮಾತು, ಇದಕ್ಕೆ ಅಪವಾದವೇ ಇಲ್ಲ. ಡೇಟಾ ತೆಗೆದಾದ ಮೇಲೆ ಹಿಂದಿನ ತಾರೀಖಿಗೆ ಅನುಮತಿ ಸಿಗುವುದಿಲ್ಲ. "ಪೈಲಟ್ ಅಂತ ಒಂದಿಪ್ಪತ್ತು ಜನರನ್ನ ಮಾತಾಡಿಸಿಬಿಟ್ಟಿದ್ದೀವಿ" ಎಂದು ಬರುವವರು ಇದ್ದಾರೆ. ಪೈಲಟ್‌ನಲ್ಲಿ, ಅಂದರೆ ಮೊದಲು ಸಣ್ಣದಾಗಿ ಮಾಡಿ ನೋಡುವ ಸುತ್ತಿನಲ್ಲಿ, ಸಿಕ್ಕವರೂ ಮನುಷ್ಯರೇ ಅಲ್ವಾ? ಅದಕ್ಕೂ ಮೊದಲೇ ಅನುಮತಿ ಬೇಕು.

ಯಾವ ಸಮಿತಿ?

ನಿಮ್ಮ ಕಾಲೇಜಿನಲ್ಲೇ ಸಮಿತಿ ಇದ್ದರೆ ಸುಲಭ. ಅದು ನೋಂದಣಿ ಆಗಿದೆಯಾ ಎಂದು ಕೇಳಿ. ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು 2019ರಲ್ಲಿ ಬಂದ ಮೇಲೆ, ಔಷಧಿ ಪ್ರಯೋಗಗಳನ್ನು ನೋಡುವ ಸಮಿತಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒದಲ್ಲಿ ನೋಂದಣಿ ಮಾಡಿಸಬೇಕು, ಉಳಿದ ಆರೋಗ್ಯ ಸಂಶೋಧನೆ ನೋಡುವ ಸಮಿತಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ. ನೋಂದಣಿ ಸಂಖ್ಯೆ ಅನುಮತಿ ಪತ್ರದ ಮೇಲೆ ಇದೆಯಾ ನೋಡಿ, ಆಮೇಲೆ ಜರ್ನಲ್‌ನವರು ಕೇಳಿದಾಗ ಪರದಾಡುವುದು ತಪ್ಪುತ್ತದೆ.

ಸಮಿತಿಯಲ್ಲಿ ಸಾಮಾನ್ಯವಾಗಿ 7ರಿಂದ 15 ಜನ ಇರುತ್ತಾರೆ. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಮೆಂಬರ್ ಸೆಕ್ರೆಟರಿ ಒಳಗಿನವರಾಗಿರುತ್ತಾರೆ, ನಿಮ್ಮ ಓಡಾಟವೆಲ್ಲ ಅವರ ಜೊತೆಗೇ. ವಕೀಲರು, ಸಮಾಜವಿಜ್ಞಾನಿ, ಡಾಕ್ಟರ್, ನನ್ನಂಥ ಸಾಮಾನ್ಯರು ಇರುತ್ತಾರೆ. ನಿಮ್ಮ ಗೈಡೇ ಸದಸ್ಯರಾಗಿದ್ದರೆ ನಿಮ್ಮ ಅರ್ಜಿ ಬಂದಾಗ ಅವರು ಎದ್ದು ಹೊರಗೆ ಹೋಗಬೇಕು. ನೀವು ಎನ್‌ಜಿಒ ಆಗಿದ್ದು ಸ್ವಂತ ಸಮಿತಿ ಇಲ್ಲದಿದ್ದರೆ, ಸಮಿತಿ ಇರುವ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಮೆಡಿಕಲ್ ಕಾಲೇಜುಗಳು, ಸಂಶೋಧನಾ ಸಂಸ್ಥೆಗಳು ಜಾಸ್ತಿ ಇರುವುದರಿಂದ ಇದು ಕಷ್ಟವಲ್ಲ, ಆದರೆ ಒಪ್ಪಂದದ ಕಾಗದಕ್ಕೆ ಟೈಮ್ ಹಿಡಿಯುತ್ತದೆ. ಮುಂಚೆಯೇ ಶುರು ಮಾಡಿ.

ಮಾಹಿತಿ ಪತ್ರ: ಇಲ್ಲಿಂದ ಶುರು ಮಾಡಿ

ಪ್ರೋಟೋಕಾಲ್, ಅಂದರೆ ಅಧ್ಯಯನದ ಪೂರ್ತಿ ಯೋಜನೆ, ಮುಗಿಸಿ ಕೊನೆಗೆ ಮಾಹಿತಿ ಪತ್ರ ಬರೆಯುವುದು ಎಲ್ಲರ ರೂಢಿ. ನಾನು ಹೇಳುವುದು ಉಲ್ಟಾ. ಫಾರಂ ಮುಟ್ಟುವ ಮೊದಲೇ ಒಂದು ಹಾಳೆ ತೆಗೆದುಕೊಳ್ಳಿ. ರಾತ್ರಿ ಏಳೂವರೆಗೆ ಶಿಫ್ಟ್ ಮುಗಿಸಿ ಬಂದು, ಒಲೆ ಮೇಲೆ ಅನ್ನಕ್ಕಿಟ್ಟು, ನಿಮ್ಮ ಎದುರು ಕೂತಿರುವ ಒಬ್ಬ ಹೆಣ್ಣುಮಗಳಿಗೆ ನೀವು ಏನು ಹೇಳುತ್ತೀರಿ ಎಂದು ಅದರಲ್ಲಿ ಬರೆಯಿರಿ. ಅವರು ಏನು ಕೇಳುತ್ತಾರೆ ಎಂದು ನೀವೂ ಊಹಿಸಬಲ್ಲಿರಿ. ಯಾರು ಕಳಿಸಿದ್ದು? ನಮ್ಮ ಫ್ಯಾಕ್ಟರಿಯವರಿಗೆ ಗೊತ್ತಾಗುತ್ತಾ? ಎಷ್ಟು ಹೊತ್ತು? ಫೋಟೋ ತೆಗೀತೀರಾ? ಇದರಿಂದ ನಮಗೇನು ಸಿಗುತ್ತೆ? ಬೇಡ ಅಂದರೆ?

ಹೀಗೆ ಬರೆಯಬಹುದು:

"ನಮಸ್ಕಾರ. ನಾನು ಈ ಕಾಲೇಜಿನಲ್ಲಿ ಓದುತ್ತಿದ್ದೇನೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರಿಗೆ ಕೆಲಸದ ಹೊತ್ತಿನಲ್ಲಿ ನೀರು ಕುಡಿಯಲು, ಟಾಯ್ಲೆಟ್‌ಗೆ ಹೋಗಲು ಸಮಯ ಸಿಗುತ್ತದಾ, ಉರಿಮೂತ್ರದ ತೊಂದರೆ ಇದೆಯಾ ಎಂದು ತಿಳಿಯಲು ಬಂದಿದ್ದೇನೆ. ನನ್ನನ್ನು ನಿಮ್ಮ ಫ್ಯಾಕ್ಟರಿಯವರು ಕಳಿಸಿಲ್ಲ. ನೀವು ಹೇಳಿದ್ದನ್ನು ಅವರಿಗೆ ಹೇಳುವುದಿಲ್ಲ. ಮಾತಾಡಲು ಸುಮಾರು ಮುಕ್ಕಾಲು ಗಂಟೆ ಬೇಕು. ಕೆಲವು ಪ್ರಶ್ನೆ ಮುಜುಗರ ಆಗುವಂಥವು, ಬೇಡವೆನಿಸಿದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ. ಮಧ್ಯದಲ್ಲಿ ಸಾಕು ಅನ್ನಿಸಿದರೆ ಎದ್ದು ಹೋಗಬಹುದು, ಕಾರಣ ಹೇಳಬೇಕಿಲ್ಲ. ನಿಮ್ಮ ಹೆಸರು, ಫ್ಯಾಕ್ಟರಿ ಹೆಸರು ನನ್ನ ವರದಿಯಲ್ಲಿ ಎಲ್ಲೂ ಬರೆಯುವುದಿಲ್ಲ. ಇದರಿಂದ ನಿಮಗೆ ಈಗಲೇ ಏನೂ ಲಾಭವಿಲ್ಲ. ನಿಮಗೆ ಉರಿಮೂತ್ರದ ತೊಂದರೆ ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಯಾರನ್ನು ನೋಡಬೇಕು ಎಂದು ಹೇಳುತ್ತೇನೆ."

ಇದರ ಕೆಳಗೆ ಎರಡು ಫೋನ್ ನಂಬರ್ ಬೇಕು. ಒಂದು ನಿಮ್ಮದು. ಇನ್ನೊಂದು ಸಮಿತಿಯ ಮೆಂಬರ್ ಸೆಕ್ರೆಟರಿಯದ್ದು, ನಿಮ್ಮ ಮೇಲೇ ದೂರು ಹೇಳಬೇಕೆನಿಸಿದರೆ ಅವರು ಯಾರಿಗೆ ಹೇಳಬೇಕು? ರಿಂಗ್ ಆದರೂ ಯಾರೂ ಎತ್ತದ ಲ್ಯಾಂಡ್‌ಲೈನ್ ಬರೆಯಬೇಡಿ.

ಈ ಹಾಳೆ ಬರೆಯುವಾಗಲೇ ನಿಮ್ಮ ಯೋಜನೆಯ ತೂತುಗಳೆಲ್ಲ ಕಾಣುತ್ತವೆ. "ಫ್ಯಾಕ್ಟರಿಯವರಿಗೆ ಹೇಳುವುದಿಲ್ಲ" ಎಂದು ಬರೆದಿರಿ, ಆದರೆ ಪ್ರೋಟೋಕಾಲ್‌ನಲ್ಲಿ ಎಚ್‌ಆರ್ ಮೂಲಕ ಕಾರ್ಮಿಕರನ್ನು ಕರೆಸುತ್ತೇವೆ ಅಂತಿದೆ. "ಮುಕ್ಕಾಲು ಗಂಟೆ" ಎಂದಿರಿ, ಪ್ರಶ್ನಾವಳಿ ಹದಿನಾಲ್ಕು ಪುಟ ಇದೆ. ಇವನ್ನೆಲ್ಲ ಸಮಿತಿ ಹಿಡಿಯುವ ಮೊದಲು ನೀವೇ ಹಿಡಿಯಬಹುದು.

ಭಾಷೆಯ ಬಗ್ಗೆ. ಇಂಗ್ಲಿಷಿನಲ್ಲಿ ಬರೆದು ತಿರುಗಿಸಬೇಡಿ, ಕನ್ನಡದಲ್ಲೇ ಬರೆದು ಆಮೇಲೆ ಸಮಿತಿಗಾಗಿ ಇಂಗ್ಲಿಷ್ ಮಾಡಿ. ಬರೆದದ್ದನ್ನು ನಿಮ್ಮ ಹಾಸ್ಟೆಲ್‌ನ ಅಡುಗೆಯವರಿಗೋ, ಪಕ್ಕದ ಮನೆಯ ಆಂಟಿಗೋ ಓದಿ ಹೇಳಿ, ಅವರು ಅದನ್ನು ತಮ್ಮ ಮಾತಿನಲ್ಲಿ ನಿಮಗೆ ವಾಪಸ್ ಹೇಳಲಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ. ಪೀಣ್ಯದಲ್ಲಿ ಕನ್ನಡ ಒಂದೇ ಸಾಕಾಗುವುದಿಲ್ಲ. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಹುಡುಗಿಯರು ಹಾಸ್ಟೆಲ್‌ಗಳಲ್ಲಿದ್ದಾರೆ, ತೆಲುಗು, ತಮಿಳು, ಉರ್ದು ಮಾತಾಡುವವರಿದ್ದಾರೆ. ಯಾರ ಜೊತೆ ಮಾತಾಡುತ್ತೀರೋ ಅವರ ಭಾಷೆಯಲ್ಲಿ ಪತ್ರ ಇರಬೇಕು. ಆಗದಿದ್ದರೆ ಕನ್ನಡ ಬಲ್ಲವರನ್ನು ಮಾತ್ರ ಸೇರಿಸುತ್ತೇವೆ ಎಂದು ಹೇಳಿ, ಅದಕ್ಕೆ ಕಾರಣ ಕೊಡಿ. ಆದರೆ ಯೋಚಿಸಿ, ಟಾಯ್ಲೆಟ್‌ಗೆ ಹೋಗಲು ಕೇಳುವ ಧೈರ್ಯವೂ ಇಲ್ಲದವರು ಬಹುಶಃ ಭಾಷೆ ಬಾರದ ಆ ಹುಡುಗಿಯರೇ.

ಓದಲು ಬಾರದವರಿಗೆ ಪತ್ರವನ್ನು ಪೂರ್ತಿ ಓದಿ ಹೇಳಬೇಕು. ಆಗ ಓದುಬರಹ ಬಲ್ಲ, ನಿಮ್ಮ ಕಡೆಯವರಲ್ಲದ ಒಬ್ಬ ಸಾಕ್ಷಿ ಶುರುವಿನಿಂದ ಕೊನೆವರೆಗೆ ಅಲ್ಲೇ ಇರಬೇಕು, ಹೆಬ್ಬೆಟ್ಟಿನ ಜೊತೆ ಅವರ ಸಹಿಯೂ ಬೇಕು. ಸಹಿ ಹಾಕಿದ ಕಾಗದ ಮನೆಯಲ್ಲಿ ಸಿಕ್ಕರೇ ತೊಂದರೆ ಎನ್ನುವಂಥ ವಿಷಯವಾದರೆ ಬಾಯಿಮಾತಿನ ಸಮ್ಮತಿ ತೆಗೆದುಕೊಳ್ಳಲು ಸಮಿತಿಯನ್ನು ಕೇಳಬಹುದು, ಕಾರಣ ಬರೆದು. ಧ್ವನಿ ರೆಕಾರ್ಡ್ ಮಾಡುವುದಾದರೆ ಅದಕ್ಕೆ ಬೇರೆಯೇ ಒಪ್ಪಿಗೆ ತೆಗೆದುಕೊಳ್ಳಿ. ಮಾತಿಗೆ ಒಪ್ಪಿ ರೆಕಾರ್ಡಿಂಗ್ ಬೇಡ ಎನ್ನುವ ಹಕ್ಕು ಅವರಿಗಿದೆ.

ಜನರನ್ನು ಹೇಗೆ ಕರೆಯುತ್ತೀರಿ?

ನನ್ನ ಮಟ್ಟಿಗೆ ಇಡೀ ಪರಿಶೀಲನೆಯ ಜೀವ ಇರುವುದು ಇಲ್ಲಿ. ಫ್ಯಾಕ್ಟರಿ ಮ್ಯಾನೇಜರ್ ಅನುಮತಿ ಕೊಟ್ಟರೆ ನಿಮಗೆ ಸುಲಭ, ಒಂದೇ ದಿನ ಐವತ್ತು ಜನ ಸಿಗುತ್ತಾರೆ. ಆದರೆ ಲೈನ್ ಸೂಪರ್‌ವೈಸರ್ ಬಂದು "ನೀನು, ನೀನು, ನೀನು ಹೋಗಿ" ಎಂದು ಕಳಿಸಿದವರು ಒಪ್ಪಿ ಬಂದವರಾ? ಬೇಡ ಎಂದರೆ ನಾಳೆ ಟಾರ್ಗೆಟ್ ಹೆಚ್ಚಾಗುತ್ತದಾ ಎಂಬ ಭಯ ಇಟ್ಟುಕೊಂಡು ಹಾಕಿದ ಸಹಿಗೆ ಬೆಲೆಯಿಲ್ಲ. ಮೇಲಿನವರ ಕೈಕೆಳಗೆ ಇರುವವರನ್ನು ಮಾರ್ಗಸೂಚಿ ದುರ್ಬಲ ಸ್ಥಿತಿಯಲ್ಲಿರುವವರು ಎಂದೇ ಗುರುತಿಸಿದೆ. ನೌಕರರು, ವಿದ್ಯಾರ್ಥಿಗಳು, ಎಲ್ಲರೂ ಅದರಲ್ಲಿ ಬರುತ್ತಾರೆ. ಪೌರಕಾರ್ಮಿಕರನ್ನು ಮೇಸ್ತ್ರಿ ಮೂಲಕ, ರೋಗಿಗಳನ್ನು ಅವರಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಮೂಲಕ, ವಿದ್ಯಾರ್ಥಿಗಳನ್ನು ಅವರಿಗೇ ಇಂಟರ್ನಲ್ಸ್ ಮಾರ್ಕ್ಸ್ ಹಾಕುವ ಮೇಡಂ ಮೂಲಕ ಸೇರಿಸಿದರೂ ಸಮಸ್ಯೆ ಇದೇ.

ಬೇರೆ ದಾರಿ ಹುಡುಕಿ. ಕಾರ್ಮಿಕರ ಸಂಘದವರನ್ನು ಕೇಳಿ, ಅವರು ವಾಸ ಮಾಡುವ ಏರಿಯಾಗೆ ಭಾನುವಾರ ಹೋಗಿ. ಗೇಟಿನ ಎದುರು ನಿಂತು ಮಾತಾಡಿಸಬೇಡಿ, ಯಾರು ನಿಂತರು ಎಂದು ಒಳಗಿನವರು ನೋಡುತ್ತಾರೆ. ಫ್ಯಾಕ್ಟರಿ ಒಳಗೇ ಮಾಡಲೇಬೇಕು ಎಂದಿದ್ದರೆ, ಯಾರು ಒಪ್ಪಿದರು ಯಾರು ಬೇಡ ಎಂದರು ಎನ್ನುವುದು ಆಡಳಿತಕ್ಕೆ ತಿಳಿಯದ ಹಾಗೆ ಹೇಗೆ ಮಾಡುತ್ತೀರಿ ಎಂದು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ.

ಹಣದ ವಿಷಯ. ಅವರ ಸಮಯಕ್ಕೆ, ಓಡಾಟಕ್ಕೆ ಕೊಡುವುದು ತಪ್ಪಲ್ಲ, ಕೊಡದೇ ಇರುವುದೇ ಅನ್ಯಾಯ. "ಶಕ್ತಿ ಯೋಜನೆ ಇದೆ, ಬಸ್ ಖರ್ಚಿಲ್ಲ" ಎಂದು ಬಜೆಟ್‌ನಲ್ಲಿ ಸೊನ್ನೆ ಹಾಕುವ ಮುಂಚೆ ನೆನಪಿಡಿ, ಆ ಉಚಿತ ಪ್ರಯಾಣ ಕರ್ನಾಟಕದ ನಿವಾಸಿಗಳಿಗೆ ಮಾತ್ರ, ಒಡಿಶಾದ ವಿಳಾಸದ ಆಧಾರ್ ಇರುವ ಹುಡುಗಿಗೆ ಟಿಕೆಟ್ ತಪ್ಪಿದ್ದಲ್ಲ. ಆದರೆ ಹಣಕ್ಕಾಗಿಯೇ ಒಪ್ಪಿಕೊಳ್ಳುವಷ್ಟು ದೊಡ್ಡ ಮೊತ್ತವೂ ಬೇಡ. ಎಷ್ಟು, ಏಕೆ ಎಂದು ಬರೆದು ಸಮಿತಿಯ ಮುಂದಿಡಿ.

ಮಕ್ಕಳು, ಅಂಗವಿಕಲರು, ಮನೋರೋಗಿಗಳು

18 ವರ್ಷಕ್ಕಿಂತ ಚಿಕ್ಕವರಾದರೆ ಅಪ್ಪ ಅಮ್ಮನ ಸಮ್ಮತಿ ಬೇಕು, ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. 7ರಿಂದ 12ರವರೆಗೆ ಬಾಯಿಮಾತಿನ ಒಪ್ಪಿಗೆ, ಅದಕ್ಕಿಂತ ದೊಡ್ಡವರಾದರೆ ಬರಹದಲ್ಲಿ. ಹೆಡ್‌ಮಾಸ್ಟರ್ ಸಹಿ ಅದಕ್ಕೆ ಬದಲಿಯಲ್ಲ. ಶಾಲೆಯೊಳಗೆ ಕಾಲಿಡಲು ಮಾತ್ರ ಅವರ ಅನುಮತಿ. ಇದನ್ನು ಲಘುವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದು ನಮ್ಮ ಪಕ್ಕದಲ್ಲೇ ನಡೆದುಹೋಗಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಸಾವಿರಾರು ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಡುವ ಅಧ್ಯಯನ ನಡೆಯಿತು. ಅವರಲ್ಲಿ ಎಷ್ಟೋ ಮಕ್ಕಳು ಬುಡಕಟ್ಟಿನವರು, ಹಾಸ್ಟೆಲ್‌ನಲ್ಲಿದ್ದವರು. ಎಷ್ಟೋ ಸಮ್ಮತಿ ಪತ್ರಗಳಿಗೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು, 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಬರೆಯಿತು. ಲಸಿಕೆ ಒಳ್ಳೆಯದಾ ಕೆಟ್ಟದ್ದಾ ಎನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ತಮ್ಮ ಮಗಳಿಗೆ ಏನು ಆಗುತ್ತಿದೆ ಎಂದು ಎಷ್ಟೋ ಅಪ್ಪ ಅಮ್ಮಂದಿರಿಗೆ ಯಾರೂ ಹೇಳಲಿಲ್ಲ.

ಹದಿಹರೆಯದವರ ಜೊತೆ ದೌರ್ಜನ್ಯದ ಬಗ್ಗೆ ಮಾತಾಡುವವರು ಇನ್ನೊಂದು ಗಮನಿಸಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಎಂದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು. ಹಾಗಿರುವಾಗ "ನೀನು ಹೇಳಿದ್ದು ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ. ಯಾವುದನ್ನು ಹೇಳಬೇಕಾಗುತ್ತದೆ ಎಂದು ಮೊದಲೇ ಮಗುವಿಗೆ ತಿಳಿಸಿ.

ಅಂಗವಿಕಲರ ಬಗ್ಗೆ 2016ರ ಹಕ್ಕುಗಳ ಕಾಯ್ದೆ ಬೇರೆಯೇ ಅನುಮತಿ ಕೇಳುತ್ತದೆ. ಅವರ ಸಮ್ಮತಿ ಅವರಿಗೆ ತಿಳಿಯುವ ರೀತಿಯಲ್ಲಿ ಇರಬೇಕು, ಜೊತೆಗೆ ಸರ್ಕಾರ ನೇಮಿಸುವ ಒಂದು ಸಮಿತಿಯ ಪೂರ್ವಾನುಮತಿಯೂ ಬೇಕು. ತಮ್ಮ ಸಮ್ಮತಿ ತಾವೇ ಕೊಡಲಾಗದ ಮನೋರೋಗಿಗಳ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಹೋಗಬೇಕು. ಇವು ಗೊತ್ತಿಲ್ಲದೆ ಬರುವವರೇ ಜಾಸ್ತಿ.

ಹಾನಿ ಎಂದರೆ ಏನು?

"ಈ ಅಧ್ಯಯನದಲ್ಲಿ ಯಾವುದೇ ಅಪಾಯವಿಲ್ಲ" ಎಂಬ ಒಂದೇ ಸಾಲು ಓದಿ ನನಗೆ ಬೇಸರ ಬಂದುಹೋಗಿದೆ. ನಮ್ಮ ಉದಾಹರಣೆಯಲ್ಲಿ ಮೈಗೆ ಏನೂ ಆಗುವುದಿಲ್ಲ, ನಿಜ. ಕೆಲಸ ಹೋಗಬಹುದು. ಗಂಡನ ಎದುರು ಮುಜುಗರ ಆಗಬಹುದು. ಮಾತಾಡುತ್ತಾ ಹಳೇ ನೋವು ಎದ್ದು ಬರಬಹುದು. ಇವನ್ನು ಬರೆಯಿರಿ, ಪ್ರತಿಯೊಂದಕ್ಕೂ ಏನು ಮಾಡುತ್ತೀರಿ ಎಂದು ಬರೆಯಿರಿ. ಯಾರಾದರೂ ಅತ್ತರೆ? ನಿಲ್ಲಿಸಿ, ಕೂತು ಕೇಳಿ, ಮೊದಲೇ ಮಾತಾಡಿಟ್ಟುಕೊಂಡ ಒಬ್ಬ ಆಪ್ತ ಸಲಹೆಗಾರರ ಹತ್ತಿರ ಕಳಿಸಿ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆಯುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿನಲ್ಲಿ ಕನ್ನಡದಲ್ಲೂ ಮಾತಾಡಬಹುದು, ಅದನ್ನು ಮಾಹಿತಿ ಪತ್ರದಲ್ಲಿ ಹಾಕಿ. ಆದರೆ ನಂಬರ್ ಕೊಟ್ಟ ಮಾತ್ರಕ್ಕೆ ನಿಮ್ಮ ಜವಾಬ್ದಾರಿ ಮುಗಿಯಲಿಲ್ಲ.

ಗುಟ್ಟು ಕಾಪಾಡುವುದೂ ಇದರಲ್ಲೇ ಬರುತ್ತದೆ. ಹೆಸರು ತೆಗೆದರೆ ಸಾಲದು. "ಪೀಣ್ಯ ಎರಡನೇ ಹಂತದ ಫ್ಯಾಕ್ಟರಿ, ಜಾರ್ಖಂಡ್‌ನವಳು, ಕಾಲರ್ ಹೊಲಿಯುವವಳು, ಎರಡು ತಿಂಗಳ ಬಾಣಂತಿ" ಎಂದು ಪ್ರಬಂಧದಲ್ಲಿ ಬರೆದರೆ ಆ ಲೈನಿನವರಿಗೆಲ್ಲ ಯಾರೆಂದು ಗೊತ್ತಾಗುತ್ತದೆ. ಗೂಗಲ್ ಫಾರಂ ಬಳಸಿದರೆ ಇಮೇಲ್ ತಾನಾಗಿ ತೆಗೆದುಕೊಳ್ಳುವ ಸೆಟ್ಟಿಂಗ್ ಆಫ್ ಮಾಡಿ. ರೆಕಾರ್ಡಿಂಗ್‌ಗಳನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಯಾವ ಕೋಡ್ ಯಾರದ್ದು ಎನ್ನುವ ಪಟ್ಟಿ ಬೇರೆ ಕಡೆ, ಪಾಸ್‌ವರ್ಡ್ ಹಾಕಿ ಇಡಿ. ಯಾವಾಗ ಅಳಿಸುತ್ತೀರಿ ಎಂದು ಬರೆಯಿರಿ. ವೈಯಕ್ತಿಕ ಡಿಜಿಟಲ್ ಮಾಹಿತಿಗೆ 2023ರ ಕಾಯ್ದೆಯೂ ಬಂದಿದೆ, ಸಮಿತಿಗಳು ಈಗ ಈ ಬಗ್ಗೆ ಜಾಸ್ತಿ ಕೇಳುತ್ತವೆ.

ಫೈಲ್, ಮೀಟಿಂಗ್

ಇಲ್ಲಿಗೆ ಬರುವ ಹೊತ್ತಿಗೆ ನಿಮ್ಮ ಕಷ್ಟದ ಕೆಲಸ ಮುಗಿದಿರುತ್ತದೆ. ಕವರಿಂಗ್ ಲೆಟರ್, ಸಮಿತಿಯ ಫಾರಂ, ಪ್ರೋಟೋಕಾಲ್, ಎಲ್ಲ ಭಾಷೆಗಳ ಮಾಹಿತಿ ಪತ್ರ ಮತ್ತು ಸಮ್ಮತಿ ಪತ್ರ, ಪ್ರಶ್ನಾವಳಿ, ಪೋಸ್ಟರ್ ಅಥವಾ ವಾಟ್ಸಾಪ್ ಮೆಸೇಜ್ ಇದ್ದರೆ ಅದು, ನಿಮ್ಮ ಮತ್ತು ಗೈಡ್‌ನ ಬಯೋಡೇಟಾ, ಬಜೆಟ್. ಪ್ರತಿ ಪುಟದಲ್ಲೂ ವರ್ಷನ್ ನಂಬರ್, ತಾರೀಖು ಹಾಕಿ. ಕ್ಲಿನಿಕಲ್ ಟ್ರಯಲ್ ಆದರೆ ಮೊದಲನೇ ವ್ಯಕ್ತಿ ಸೇರುವ ಮೊದಲೇ ದೇಶದ ಟ್ರಯಲ್‌ಗಳನ್ನು ದಾಖಲಿಸುವ ಸಿಟಿಆರ್‌ಐನಲ್ಲಿ ನೋಂದಣಿ ಆಗಿರಬೇಕು, 2018ರ ಏಪ್ರಿಲ್‌ನಿಂದ ಆಮೇಲೆ ಮಾಡುವ ಹಾಗಿಲ್ಲ. ಮೀಟಿಂಗ್ ಯಾವಾಗ, ಎಷ್ಟು ದಿನ ಮೊದಲು ಕೊಡಬೇಕು ಎಂದು ಸೆಕ್ರೆಟರಿ ಆಫೀಸಿನಲ್ಲಿ ಕೇಳಿಕೊಳ್ಳಿ. ಸಿನಾಪ್ಸಿಸ್ ಕೊಡುವ ಕೊನೆ ತಾರೀಖಿನ ವಾರ ಬಂದು ಅರ್ಜೆಂಟ್ ಎಂದರೆ ಯಾರೂ ಏನೂ ಮಾಡಲಾಗದು. ಅಪಾಯ ತೀರಾ ಕಡಿಮೆ ಇದ್ದರೆ ಒಂದಿಬ್ಬರು ಸದಸ್ಯರೇ ಬೇಗ ನೋಡಿ ಮುಗಿಸುವ ವ್ಯವಸ್ಥೆ ಇದೆ. ನಮ್ಮ ಉದಾಹರಣೆಯಂಥವು ಮಾತ್ರ ಪೂರ್ತಿ ಸಮಿತಿಯ ಮುಂದೆ ಬಂದರೇ ಒಳ್ಳೆಯದು.

ಮೀಟಿಂಗಿಗೆ ಕರೆದರೆ ಸ್ಲೈಡ್ ಓದಬೇಡಿ, ನಾವು ಫೈಲ್ ಓದಿಯೇ ಬಂದಿರುತ್ತೇವೆ. ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಯೋಚಿಸಿ ಬರೆದುಕೊಡುತ್ತೇನೆ ಎನ್ನಿ, ಯಾರೂ ಬೈಯುವುದಿಲ್ಲ. ತಿದ್ದುಪಡಿ ಕೇಳಿದರೆ ಪ್ರತಿ ಪ್ರಶ್ನೆಗೂ ಬೇರೆ ಬೇರೆಯಾಗಿ ಉತ್ತರಿಸಿ, ಬದಲಾಯಿಸಿದ ಸಾಲುಗಳಿಗೆ ಬಣ್ಣ ಹಾಕಿ ಕೊಡಿ. ಒಪ್ಪದ ಸಲಹೆ ಇದ್ದರೆ ಕಾರಣ ಹೇಳಿ ವಾದ ಮಾಡಿ. ಸದಸ್ಯರಿಗೆ ಫೀಲ್ಡ್ ಗೊತ್ತಿರದೇ ಇರಬಹುದು, ನೀವು ಹೇಳಿದ ಮೇಲೆ ನಾವು ಮನಸ್ಸು ಬದಲಿಸಿದ್ದೂ ಇದೆ.

ಪತ್ರ ಕೈಗೆ ಬಂದ ಮೇಲೆ

ಅನುಮತಿ ನಿಮ್ಮ ಕೊನೆಯ ವರ್ಷನ್‌ಗೆ ಮಾತ್ರ. ಪ್ರಶ್ನೆ ಸೇರಿಸಿದರೂ, ಪೀಣ್ಯದ ಜೊತೆ ಬೊಮ್ಮನಹಳ್ಳಿ ಸೇರಿಸಿದರೂ, ಸಂದರ್ಶನ ಮಾಡುವವರು ಬದಲಾದರೂ ಮೊದಲು ಸಮಿತಿಗೆ ತಿಳಿಸಿ, ಒಪ್ಪಿಗೆ ಬಂದ ಮೇಲೆ ಮುಂದುವರಿಯಿರಿ. ಅಧ್ಯಯನ ವರ್ಷ ದಾಟಿದರೆ ಪ್ರಗತಿ ವರದಿ ಕೊಡಬೇಕು. ಔಷಧಿ ಪ್ರಯೋಗದಲ್ಲಿ ಯಾರಿಗಾದರೂ ಗಂಭೀರವಾಗಿ ಹುಷಾರು ತಪ್ಪಿದರೆ 24 ಗಂಟೆಯೊಳಗೆ ತಿಳಿಸಬೇಕು. ಮಾತಿನ ಅಧ್ಯಯನದಲ್ಲೂ ಹಾಗೇ ಮಾಡಿ. ಮಾತಾಡಿದ್ದಕ್ಕೆ ಒಬ್ಬರನ್ನು ಕೆಲಸದಿಂದ ತೆಗೆದರು ಎಂದು ಗೊತ್ತಾದರೆ ಪ್ರಬಂಧ ಮುಗಿಯಲಿ ಎಂದು ಕಾಯಬೇಡಿ, ಅವತ್ತೇ ನಿಲ್ಲಿಸಿ, ಗೈಡ್‌ಗೆ ಮತ್ತು ಸೆಕ್ರೆಟರಿಗೆ ಫೋನ್ ಮಾಡಿ.

ಮುಗಿದ ಮೇಲೆ ಮುಕ್ತಾಯದ ವರದಿ ಕೊಟ್ಟು, ಸಮ್ಮತಿ ಪತ್ರಗಳನ್ನು ಸಮಿತಿ ಹೇಳಿದಷ್ಟು ಕಾಲ ಬೀಗ ಹಾಕಿ ಇಡಿ. ಏನು ಸಿಕ್ಕಿತು ಎಂದು ಆ ಹೆಣ್ಣುಮಕ್ಕಳಿಗೆ ವಾಪಸ್ ಹೇಳುವುದನ್ನೂ ಅರ್ಜಿಯಲ್ಲೇ ಸೇರಿಸಿ, ಅದಕ್ಕೆ ಬಜೆಟ್‌ನಲ್ಲಿ ದುಡ್ಡು ಇಡಿ. ಒಂದು ಭಾನುವಾರ ಅವರ ಏರಿಯಾದಲ್ಲಿ ಹಾಲ್ ಹಿಡಿದು, ಟೀ ತರಿಸಿ, ಅರ್ಧ ಗಂಟೆ ಅವರ ಭಾಷೆಯಲ್ಲಿ ಹೇಳಿದರೆ ಸಾಕು. ನೀವು ಬರೆದದ್ದರಲ್ಲಿ ಏನಾದರೂ ತಪ್ಪಿದ್ದರೆ ಅವರು ಅಲ್ಲೇ ಹೇಳುತ್ತಾರೆ. ಹಾಗಾಗಿ ಥೀಸಿಸ್ ಬೈಂಡಿಂಗ್‌ಗೆ ಕೊಡುವ ಮೊದಲೇ ಆ ಭಾನುವಾರ ಇಟ್ಟುಕೊಳ್ಳಿ.